ಕೃಷಿ ಉಪಕರಣಗಳ ಪೇಟೆಂಟ್: ರೈತರು ತಿಳಿದಿರಬೇಕಾದ ಸಂಗತಿಗಳು



ಕೆರೆ ತುಂಬಿದಾಗ ಹೆಚ್ಚಾದ ನೀರು ಕೋಡಿ ಬಿದ್ದು ಹೋಗುತ್ತದೆಂಬುದನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೋಡಿಯನ್ನು ಇನ್ನೆರಡು ಅಡಿ ಎತ್ತರಿಸಿದ್ದರೆ ಅಷ್ಟು ನೀರು ಬೇಸಿಗೆಗೆ ಉಳಿಯುತ್ತಿತ್ತಲ್ಲಾ ಎಂದು ಕೋಡಿಯ ಬಳಿ ನಿಂತು ಅಂದುಕೊಳ್ಳದ ರೈತನಿಲ್ಲ. ಆದರೆ ಕೋಡಿಯನ್ನು ಹಾಗೆಯೇ ಎತ್ತರಿಸಿಬಿಟ್ಟರೆ, ಒಂದು ರಾತ್ರಿ ದೊಡ್ಡ ಮಳೆ ಬಂದಾಗ ನೀರಿಗೆ ದಾರಿ ಸಾಲದೆ ಏರಿಯೇ ಒಡೆದುಹೋದೀತು. ಅಂದರೆ ಕೋಡಿಯು ನೀರು ನಿಲ್ಲಿಸುವಾಗ ಎತ್ತರವಾಗಿಯೂ, ಪ್ರವಾಹ ಬಂದಾಗ ತಗ್ಗಾಗಿಯೂ ಇರಬೇಕು. ಅದೂ ನಡುರಾತ್ರಿಯಲ್ಲಿ, ಕಾವಲುಗಾರ ಮಲಗಿರುವಾಗ.

ಈ ಕಗ್ಗಂಟನ್ನು ಬಿಡಿಸಿದವರು ನಮ್ಮ ನೆರೆಯವರೇ. ದೇವನಹಳ್ಳಿಯಿಂದ ಉತ್ತರಕ್ಕೆ, ನಂದಿ ಬೆಟ್ಟದ ಮಗ್ಗುಲಲ್ಲಿರುವ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ಮೈಸೂರು ಸಂಸ್ಥಾನಕ್ಕೆ ಮುಖ್ಯ ಇಂಜಿನಿಯರಾಗಿ ಬಂದದ್ದು 1909ರಲ್ಲಿ. ಅದಕ್ಕೆ ಮೊದಲು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ, ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದ ಕೋಡಿಗೆ ಅವರು ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. 1903ರಲ್ಲಿ ಅವುಗಳನ್ನು ಅಳವಡಿಸಲಾಯಿತು. ಆ ರಚನೆಗೆ ಪೇಟೆಂಟ್ ಕೂಡ ಪಡೆಯಲಾಯಿತು.

ಪೇಟೆಂಟ್ ಎಂಬ ಮಾತು ಕೇಳಿದೊಡನೆ ಇದು ದೊಡ್ಡ ಕಾರ್ಖಾನೆಗಳವರ ವಿಷಯ, ನಮಗೇಕೆ ಎಂದು ಪುಟ ತಿರುವಬೇಡಿ. ಸೈಕಲ್ಲಿನ ಟೈರು, ಪಂಪುಮನೆಗೆ ಹೋಗುವಾಗ ಹಿಡಿಯುವ ಟಾರ್ಚು, ಹೊಲಕ್ಕೆ ಚಹಾ ಒಯ್ಯುವ ಫ್ಲಾಸ್ಕು, ಟ್ರಾಕ್ಟರಿನ ಹಿಂದಿನ ಕೊಂಡಿ, ಇವೆಲ್ಲ ಸುಮಾರು ನೂರು ವರ್ಷಗಳ ಹಿಂದೆ ಪೇಟೆಂಟಿನ ಜಗಳಗಳನ್ನು ದಾಟಿ ನಿಮ್ಮ ಮನೆಗೆ ಬಂದವು. ನಿಮ್ಮೂರಿನ ಕುಲುಮೆಯಲ್ಲಿ ನಾಳೆ ಒಂದು ಹೊಸ ಎಡೆಕುಂಟೆ ಸಿದ್ಧವಾದರೆ ಅದಕ್ಕೂ ಇದೇ ನಿಯಮಗಳು ಅನ್ವಯಿಸುತ್ತವೆ.

ತಾನೇ ತೆರೆಯುವ ಕೋಡಿ

ಮೊದಲು ಆ ಬಾಗಿಲುಗಳ ಕೆಲಸವನ್ನು ನೋಡೋಣ. ಖಡಕ್‌ವಾಸ್ಲಾ ಜಲಾಶಯದಿಂದ ಪುಣೆ ನಗರಕ್ಕೆ ಕುಡಿಯುವ ನೀರೂ ಮುಠಾ ಕಾಲುವೆಗಳಿಗೆ ಸಾಗುವಳಿ ನೀರೂ ಹೋಗಬೇಕಾಗಿತ್ತು. ಮಳೆಗಾಲದಲ್ಲಿ ಕೋಡಿಯ ಮೇಲೆ ಹರಿದುಹೋಗುತ್ತಿದ್ದ ನೀರು ಬೇಸಿಗೆಯಲ್ಲಿ ಸಾಲದಾಗುತ್ತಿತ್ತು. ಅಣೆಕಟ್ಟನ್ನೇ ಎತ್ತರಿಸುವುದು ಬಹು ಖರ್ಚಿನ ಕೆಲಸ. ವಿಶ್ವೇಶ್ವರಯ್ಯನವರು ಕಟ್ಟೆಯನ್ನು ಮುಟ್ಟದೆ ಕೋಡಿಯ ಮೇಲೆ ಬಾಗಿಲುಗಳ ಸಾಲನ್ನು ನಿಲ್ಲಿಸಿ, ಸುಮಾರು 8 ಅಡಿಯಷ್ಟು ಹೆಚ್ಚು ನೀರು ನಿಲ್ಲುವಂತೆ ಮಾಡಿದರು.

ಈ ಬಾಗಿಲುಗಳನ್ನು ತಕ್ಕಡಿಗೆ ಹೋಲಿಸಬಹುದು. ಒಂದು ಕಡೆ ಬಾಗಿಲಿನ ಭಾರ, ಇನ್ನೊಂದು ಕಡೆ ಅದಕ್ಕೆ ಸರಿಯಾದ ಪ್ರತಿತೂಕ. ನೀರು ಗೊತ್ತುಪಡಿಸಿದ ಮಟ್ಟ ಮುಟ್ಟುವವರೆಗೆ ತಕ್ಕಡಿ ಅಲುಗುವುದಿಲ್ಲ, ಬಾಗಿಲು ಮುಚ್ಚಿರುತ್ತದೆ. ಆ ಮಟ್ಟವನ್ನು ಮೀರಿದ ನೀರು ಪ್ರತಿತೂಕ ಇಳಿಬಿಟ್ಟಿರುವ ಬಾವಿಯೊಳಕ್ಕೆ ಹರಿಯುತ್ತದೆ. ಬಾವಿಯಲ್ಲಿ ನೀರಿರುವಾಗ ತುಂಬಿದ ಕೊಡವನ್ನು ಎಳೆಯುವುದು ಹಗುರ, ನೀರಿನಿಂದ ಮೇಲೆ ಬಂದೊಡನೆ ಭಾರ ಎಂಬುದು ನಿಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಹಾಗೆಯೇ ಪ್ರತಿತೂಕವೂ ನೀರಿನಲ್ಲಿ ಮುಳುಗಿದಾಗ ಹಗುರವಾಗುತ್ತದೆ, ತಕ್ಕಡಿ ಸರಿಯುತ್ತದೆ, ಬಾಗಿಲು ತೆರೆಯುತ್ತದೆ. ಪ್ರವಾಹ ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ಯಾರೂ ಕೈಹಾಕಬೇಕಾಗಿಲ್ಲ. ಇದೇ ಬಗೆಯ ಬಾಗಿಲುಗಳನ್ನು ಮುಂದೆ ಗ್ವಾಲಿಯರಿನ ಟಿಗ್ರಾ ಅಣೆಕಟ್ಟೆಗೂ ನಮ್ಮ ಕೃಷ್ಣರಾಜಸಾಗರಕ್ಕೂ ಹಾಕಲಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ತಕ್ಕಡಿ ಹೊಸದಲ್ಲ. ನೀರಿನಲ್ಲಿ ವಸ್ತು ಹಗುರವಾಗುವುದೂ ಹೊಸದಲ್ಲ, ಅದು ಎರಡು ಸಾವಿರ ವರ್ಷಗಳಿಗೂ ಹಿಂದೆ ಆರ್ಕಿಮಿಡೀಸ್ ಹೇಳಿದ ವಿಷಯ. ಹೊಸದಾಗಿದ್ದುದು ಇವೆರಡನ್ನೂ ಕೋಡಿಯ ಬಾಗಿಲಿಗೆ ಜೋಡಿಸಿದ ಬಗೆ. ಪೇಟೆಂಟ್ ದೊರೆಯುವುದು ಪ್ರಕೃತಿಯ ನಿಯಮಕ್ಕಲ್ಲ. ಆ ನಿಯಮವನ್ನು ದುಡಿಸಿಕೊಳ್ಳುವ ಹೊಸ ರಚನೆಗೆ.

ಪೇಟೆಂಟ್ ಪಡೆದರೂ ವಿಶ್ವೇಶ್ವರಯ್ಯನವರು ಸರ್ಕಾರದಿಂದ ರಾಯಧನವನ್ನು ಸ್ವೀಕರಿಸಲಿಲ್ಲ. ಸರ್ಕಾರಿ ನೌಕರಿಯಲ್ಲಿದ್ದು ಕರ್ತವ್ಯದ ಭಾಗವಾಗಿ ರೂಪಿಸಿದ್ದಕ್ಕೆ ಬೇರೆ ಹಣ ತೆಗೆದುಕೊಳ್ಳುವುದು ಸಲ್ಲದು ಎಂಬುದು ಅವರ ನಿಲುವು. ಈ ಕಥೆಯನ್ನು ನಮ್ಮ ಕಡೆ ಹೇಳುವಾಗ ಪೇಟೆಂಟ್ ಎಂದರೇ ದುರಾಸೆ ಎಂಬಂತೆ ಹೇಳಿಬಿಡುವುದುಂಟು. ಅದು ಸರಿಯಲ್ಲ. ಅವರು ಬಿಟ್ಟುಕೊಟ್ಟದ್ದು ಹಣವನ್ನು. ತಿಂಗಳ ಸಂಬಳವಿಲ್ಲದ ಬಡಗಿಯೋ ಕಮ್ಮಾರನೋ ಅದನ್ನೂ ಬಿಟ್ಟುಕೊಡಬೇಕೆಂದು ಯಾರೂ ಹೇಳಲಾರರು.

ಪೇಟೆಂಟ್ ಒಂದು ಒಪ್ಪಂದ

ಪೇಟೆಂಟ್ ಎಂದರೆ ಸರ್ಕಾರಕ್ಕೂ ಆವಿಷ್ಕಾರ ಮಾಡಿದವನಿಗೂ ನಡುವಿನ ಒಂದು ಕರಾರು. ಆತನು ತನ್ನ ರಚನೆಯನ್ನು ಚಿತ್ರಸಹಿತ, ಕಸುಬು ಬಲ್ಲ ಇನ್ನೊಬ್ಬನು ಓದಿ ಮಾಡಬಹುದಾದಷ್ಟು ಸ್ಪಷ್ಟವಾಗಿ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ ಸರ್ಕಾರವು, ಇಷ್ಟು ವರ್ಷಗಳ ಕಾಲ ಇವನ ಅನುಮತಿಯಿಲ್ಲದೆ ಬೇರೆಯವರು ಇದನ್ನು ಮಾಡಿ ಮಾರಕೂಡದು ಎಂಬ ಹಕ್ಕನ್ನು ಕೊಡುತ್ತದೆ. ಅವಧಿ ಮುಗಿದೊಡನೆ ಅದು ಎಲ್ಲರ ಸ್ವತ್ತು.

ನಮ್ಮ ದೇಶದಲ್ಲಿ ಇಂಥ ಕಾನೂನು 1856ರಲ್ಲಿ ಬಂತು. ಮೊದಲ ಹಕ್ಕು ದೊರೆತದ್ದು ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಎಂಬಾತನ ಪಂಖ ಎಳೆಯುವ ಯಂತ್ರಕ್ಕೆ. ಸೆಖೆಗೆ ಗಾಳಿ ಬೀಸುವ ಪಂಖ! ದಿನಬಳಕೆಯ ವಸ್ತುವಿನಿಂದಲೇ ನಮ್ಮ ಪೇಟೆಂಟಿನ ಇತಿಹಾಸ ಆರಂಭವಾಯಿತೆನ್ನಬಹುದು. ವಿಶ್ವೇಶ್ವರಯ್ಯನವರ ಕಾಲಕ್ಕೆ 1888ರ ಕಾಯಿದೆ ಜಾರಿಯಲ್ಲಿತ್ತು. ಆಮೇಲೆ 1911ರ ಕಾಯಿದೆ ಬಂದಿತು. ಈಗಿರುವುದು 1970ರ ಕಾಯಿದೆ. ಅದು 1972ರಿಂದ ಜಾರಿಗೆ ಬಂದು ಹಲವು ಬಾರಿ ತಿದ್ದುಪಡಿಯಾಗಿದೆ. ಈಗಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಒಂದು ದೇಶದಲ್ಲಿ ಪಡೆದ ಪೇಟೆಂಟ್ ಆ ದೇಶದಲ್ಲಿ ಮಾತ್ರ ನಡೆಯುತ್ತದೆ ಎಂಬುದನ್ನೂ ಮರೆಯಬಾರದು.

ಫ್ಲಾಸ್ಕು: ಅರ್ಜಿ ಹಾಕದವನ ಪಾಡು

1892ರಲ್ಲಿ ಲಂಡನ್ನಿನ ವಿಜ್ಞಾನಿ ಜೇಮ್ಸ್ ಡ್ಯೂವರ್, ಎರಡು ಗಾಜಿನ ಗೋಡೆಗಳ ನಡುವಿನ ಗಾಳಿಯನ್ನು ಹೊರತೆಗೆದು ಒಂದು ಸೀಸೆಯನ್ನು ಮಾಡಿಸಿದರು. ದ್ರವರೂಪಕ್ಕಿಳಿಸಿದ ಅನಿಲಗಳನ್ನು ತಣ್ಣಗಿಡಲು ಅವರಿಗೆ ಅದು ಬೇಕಾಗಿತ್ತು. ಇದರಲ್ಲಿ ಚಹಾ ಬಿಸಿಯಾಗಿರುತ್ತದೆ, ಮನೆಮನೆಗೆ ಮಾರಬಹುದು ಎಂದು ಅವರಿಗೆ ತೋಚಲಿಲ್ಲ, ಅಥವಾ ತೋಚಿದರೂ ಬೇಕೆನಿಸಲಿಲ್ಲ. ಪೇಟೆಂಟ್ ಪಡೆಯಲಿಲ್ಲ. ಜರ್ಮನಿಯ ಗಾಜಿನ ಕುಶಲಕರ್ಮಿ ರೈನ್‌ಹೋಲ್ಡ್ ಬರ್ಗರ್ ಅದಕ್ಕೆ ಲೋಹದ ಕವಚವನ್ನು ಹೊಂದಿಸಿ 1903ರಲ್ಲಿ ಪೇಟೆಂಟ್ ಪಡೆದರು. ಮರುವರ್ಷ ಥರ್ಮಾಸ್ ಎಂಬ ಹೆಸರಿನಲ್ಲಿ ಅದು ಪೇಟೆಗೆ ಬಂತು. ಡ್ಯೂವರ್ ನ್ಯಾಯಾಲಯಕ್ಕೆ ಹೋದರು. ಕಂಡುಹಿಡಿದವರು ನೀವೇ, ಆದರೆ ಪೇಟೆಂಟ್ ಇಲ್ಲದ ಮೇಲೆ ಹಕ್ಕಿಲ್ಲ ಎಂದಾಯಿತು. ಕಂಡುಹಿಡಿದವನು ಯಾರೆಂಬುದು ಊರಿಗೆಲ್ಲ ಗೊತ್ತಿದ್ದರೆ ಸಾಕು ಎಂದು ನಂಬಿ ಕುಳಿತವರು ಈ ಸಂಗತಿಯನ್ನು ಎರಡು ಸಲ ಓದುವುದು ಒಳ್ಳೆಯದು.

ಟೈರು: ಮೊದಲೇ ಇದ್ದುದಕ್ಕೆ ಹಕ್ಕಿಲ್ಲ

ಗಾಳಿ ತುಂಬಿದ ಟೈರಿನ ಕಥೆ ಇದರ ಮತ್ತೊಂದು ಮಗ್ಗುಲು. ಜಾನ್ ಬಾಯ್ಡ್ ಡನ್‌ಲಪ್ ಎಂಬುವರು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯರಾಗಿದ್ದರು. ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕಾಡುವುದನ್ನು ತಪ್ಪಿಸಲು ರಬ್ಬರು ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದರು. 1888ರಲ್ಲಿ ಪೇಟೆಂಟ್ ದೊರೆಯಿತು, ಕಂಪನಿ ಎದ್ದಿತು. ಕೆಲವೇ ವರ್ಷಗಳಲ್ಲಿ ತಿಳಿದುಬಂದದ್ದೇನೆಂದರೆ, ರಾಬರ್ಟ್ ಥಾಮ್ಸನ್ ಎಂಬಾತ 1845ರಲ್ಲೇ ಇದೇ ಬಗೆಯ ಟೈರಿಗೆ ಪೇಟೆಂಟ್ ಪಡೆದಿದ್ದನು! ಆಗ ಸೈಕಲ್ಲೂ ಇಲ್ಲ, ಮೋಟಾರೂ ಇಲ್ಲ. ಜನ ಅದನ್ನು ಮರೆತೇಬಿಟ್ಟಿದ್ದರು. ಆದರೆ ಬರಹ ಉಳಿದಿತ್ತು. ಡನ್‌ಲಪ್ ಅವರ ಪೇಟೆಂಟ್ ಬಿದ್ದುಹೋಯಿತು.

ಕಂಪನಿ ಮಾತ್ರ ಬೀಳಲಿಲ್ಲ. ಟೈರನ್ನು ಚಕ್ರದ ರಿಮ್ಮಿಗೆ ಹಿಡಿದು ನಿಲ್ಲಿಸಿ ಬೇಕಾದಾಗ ಬಿಚ್ಚುವ ಉಪಾಯಗಳಿಗೆ 1890ರಲ್ಲಿ ವೆಲ್ಚ್ ಮತ್ತು ಬಾರ್ಟ್ಲೆಟ್ ಎಂಬಿಬ್ಬರು ಬೇರೆ ಬೇರೆಯಾಗಿ ಪೇಟೆಂಟ್ ಪಡೆದಿದ್ದರು. ಕಂಪನಿಯು ಆ ಹಕ್ಕುಗಳನ್ನು ಕೊಂಡುಕೊಂಡಿತು. ಪಂಕ್ಚರು ಹಾಕುವವನು ಇಂದಿಗೂ ಲಿವರಿನಿಂದ ಟೈರಿನ ಅಂಚನ್ನು ಎಬ್ಬಿಸುತ್ತಾನಲ್ಲ, ಆ ಬಗೆಯ ಜೋಡಣೆಯ ಮೂಲ ಅಲ್ಲಿದೆ. ಇಡೀ ವಸ್ತುವಿಗೆ ಇಲ್ಲದ ಹಕ್ಕು ಅದರ ಒಂದು ಸಣ್ಣ ಅಂಚಿಗೆ ಇತ್ತು.

ಟಾರ್ಚಿನ ವಿಷಯ ಚಿಕ್ಕದು. ತ್ರೀಫೇಸ್ ಕರೆಂಟು ನಡುರಾತ್ರಿ ಬಂದಾಗ ಪಂಪುಮನೆಗೆ ಹೋಗಲು ನೀವು ಹಿಡಿಯುವ ಕೊಳವೆಯಾಕಾರದ ಟಾರ್ಚಿಗೆ ಅಮೆರಿಕದಲ್ಲಿ 1899ರ ಜನವರಿ 10ರಂದು ಪೇಟೆಂಟ್ ದೊರೆಯಿತು. ರಚಿಸಿದವನು ಡೇವಿಡ್ ಮಿಸೆಲ್. ಆದರೆ ಹಕ್ಕು ಸೇರಿದ್ದು ಕಾನ್ರಾಡ್ ಹ್ಯೂಬರ್ಟ್ ಎಂಬುವನ ಕಂಪನಿಗೆ, ಮುಂದೆ ಎವೆರೆಡಿ ಎಂದು ಹೆಸರಾದದ್ದು ಅದೇ. ಹೊಲದಂತೆ ಪೇಟೆಂಟನ್ನೂ ಕ್ರಯಕ್ಕೆ ಕೊಡಬಹುದು, ಗುತ್ತಿಗೆಗೂ ಕೊಡಬಹುದು. ಕ್ರಯಕ್ಕೆ ಕೊಟ್ಟ ಮೇಲೆ ಬೆಳೆ ಕೊಂಡವನದು. ಆದ್ದರಿಂದ ಯಾವ ಕಂಪನಿಯವರು ಬಂದು ಕಾಗದ ಮುಂದಿಟ್ಟರೂ, ಇದು ಕ್ರಯಪತ್ರವೋ ಗುತ್ತಿಗೆ ಪತ್ರವೋ ಎಂಬುದನ್ನು ಓದಿಸಿ ಕೇಳಿದ ಮೇಲೆಯೇ ರುಜು ಹಾಕತಕ್ಕದ್ದು.

ಟ್ರಾಕ್ಟರಿನ ಮೂರು ಕೊಂಡಿ

ಟ್ರಾಕ್ಟರುಗಳ ಮೂತಿಯ ಮೇಲೆ ಫರ್ಗ್ಯುಸನ್ ಎಂಬ ಹೆಸರನ್ನು ನೀವು ಓದಿರುತ್ತೀರಿ. ಹ್ಯಾರಿ ಫರ್ಗ್ಯುಸನ್ ಉತ್ತರ ಐರ್ಲೆಂಡಿನ ಒಬ್ಬ ರೈತನ ಮಗ. ಆ ಕಾಲದ ಟ್ರಾಕ್ಟರುಗಳು ನೇಗಿಲನ್ನು ಗಾಡಿಯಂತೆ ಹಿಂದೆ ಎಳೆಯುತ್ತಿದ್ದವು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಟ್ರಾಕ್ಟರಿನ ಮುಂಭಾಗ ಮೇಲೆದ್ದು ಚಾಲಕನ ಮೇಲೇ ಮಗುಚುತ್ತಿತ್ತು. ಎಷ್ಟೋ ಜನ ಹಾಗೆ ಸತ್ತರು. ಫರ್ಗ್ಯುಸನ್ ನೇಗಿಲನ್ನು ಟ್ರಾಕ್ಟರಿಗೇ ಅಂಗವಾಗುವಂತೆ ಜೋಡಿಸಿ, ನೆಲದ ಎಳೆತಕ್ಕೆ ತಕ್ಕಂತೆ ಅದರ ಆಳವು ಎಣ್ಣೆಯ ಒತ್ತಡದಿಂದ ತಾನೇ ಹೆಚ್ಚುಕಡಿಮೆಯಾಗುವ ವ್ಯವಸ್ಥೆಯನ್ನು ರೂಪಿಸಿದರು. ಇದರ ಮುಖ್ಯ ಬ್ರಿಟಿಷ್ ಪೇಟೆಂಟ್ 1926ರದು. ಕೆಳಗೆ ಎರಡು, ಮೇಲೆ ಒಂದು ತೋಳಿನ ಮೂರು ಕೊಂಡಿಯ ಜೋಡಣೆ ಈ ಕೆಲಸದಿಂದ ಬೆಳೆದುಬಂದದ್ದು.

1938ರಲ್ಲಿ ಫರ್ಗ್ಯುಸನ್ ಅಮೆರಿಕದ ಹೆನ್ರಿ ಫೋರ್ಡರೊಂದಿಗೆ ಮಾತಾಡಿ ಒಪ್ಪಂದ ಮಾಡಿಕೊಂಡರು. ಬರಹವಿಲ್ಲ, ಸಾಕ್ಷಿ ರುಜುವಿಲ್ಲ, ಕೈಕುಲುಕಿದ್ದಷ್ಟೇ. ಫೋರ್ಡರ ಕಾರ್ಖಾನೆಯಿಂದ ಲಕ್ಷಗಟ್ಟಲೆ ಟ್ರಾಕ್ಟರುಗಳು ಹೊರಬಂದವು. 1947ರಲ್ಲಿ ಫೋರ್ಡರ ಮೊಮ್ಮಗನ ಆಡಳಿತವು ಒಪ್ಪಂದವನ್ನು ಮುಗಿಸಿ, ಅದೇ ವ್ಯವಸ್ಥೆಯುಳ್ಳ ಟ್ರಾಕ್ಟರನ್ನು ತಾನೇ ಮಾರತೊಡಗಿತು. ಫರ್ಗ್ಯುಸನ್ 25 ಕೋಟಿ ಡಾಲರಿಗೂ ಮೇಲ್ಪಟ್ಟ ಪರಿಹಾರ ಕೋರಿ ದಾವೆ ಹೂಡಿದರು. 1952ರಲ್ಲಿ ರಾಜಿಯಾಗಿ ಅವರ ಕೈಗೆ ಬಂದದ್ದು 92.5 ಲಕ್ಷ ಡಾಲರು. ಬಾಯಿಮಾತಿನ ಒಪ್ಪಂದ ಮುರಿದಾಗ ಅವರನ್ನು ಅಷ್ಟಾದರೂ ಕಾಪಾಡಿದ್ದು ಬರಹದಲ್ಲಿದ್ದ ಪೇಟೆಂಟುಗಳು. ದಾವೆ ಮುಗಿಯುವ ವೇಳೆಗೆ ಮುಖ್ಯ ಪೇಟೆಂಟುಗಳ ಅವಧಿಯೂ ತೀರಿತ್ತು. ಇಂದು ಯಾವ ಕಂಪನಿಯ ಟ್ರಾಕ್ಟರಿಗೆ ಯಾವ ಊರಿನಲ್ಲಿ ಮಾಡಿದ ಕಲ್ಟಿವೇಟರನ್ನು ಬೇಕಾದರೂ ನೀವು ಸಿಕ್ಕಿಸಬಹುದು. ಅವಧಿ ತೀರಿದ ಪೇಟೆಂಟಿನ ಫಲವನ್ನು ನೀವು ದಿನವೂ ಉಣ್ಣುತ್ತಿದ್ದೀರಿ.

ನಮ್ಮ ಕುಲುಮೆಗೆ ಬರೋಣ

ಹೊಸಕೋಟೆ ಕಡೆಯ ಒಬ್ಬ ಕಮ್ಮಾರ ಹಳೆಯ ಸೈಕಲ್ ಚಕ್ರವನ್ನಿಟ್ಟು ರಾಗಿ ಸಾಲಿನ ಎಡೆಕುಂಟೆ ಮಾಡಿದನೆಂದು ಇಟ್ಟುಕೊಳ್ಳೋಣ. ಕೂರಿಗೆ ಸಾಲಿನ ಅಂತರ ಒಂದೊಂದು ಹೊಲದಲ್ಲಿ ಒಂದೊಂದು ಬಗೆ. ಆದಕಾರಣ ನಿಂತಲ್ಲೇ, ಸ್ಪ್ಯಾನರಿಲ್ಲದೆ, ಕಾಲಿನಿಂದ ಒದ್ದರೆ ಅಲಗಿನ ಅಗಲ ಬದಲಾಗುವಂತೆ ಒಂದು ಕೀಲನ್ನು ಅವನು ಹೊಂದಿಸಿದ್ದಾನೆ. ಇದಕ್ಕೆ ಪೇಟೆಂಟ್ ಸಿಗುತ್ತದೆಯೇ?

ಸೈಕಲ್ ಚಕ್ರದ ಎಡೆಕುಂಟೆಗೆ ಸಿಗುವುದಿಲ್ಲ. ಅದು ಎಷ್ಟೋ ಊರುಗಳಲ್ಲಿ ಬಳಕೆಯಲ್ಲಿದೆ. ಹಿಂದಿನಿಂದ ಬಂದ ಕುಂಟೆ, ಕೂರಿಗೆಗಳಿಗೂ ಸಿಗುವುದಿಲ್ಲ. ಅವು ಯಾರೊಬ್ಬರ ಸ್ವತ್ತೂ ಆಗಲಾರವು. ಇಂಥದಕ್ಕೆ ಹೊರದೇಶದಲ್ಲಿ ಯಾರಾದರೂ ಹಕ್ಕು ಪಡೆದರೂ ಹಳೆಯ ಬರಹ ತೋರಿಸಿ ಬೀಳಿಸಬಹುದು. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟನ್ನು ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು. ಆದರೆ ನಮ್ಮ ಕಮ್ಮಾರನ ಆ ಕೀಲು, ಬೇರೆಲ್ಲೂ ಇಲ್ಲದ್ದಾದರೆ, ಆ ಕಸುಬಿನವರಿಗೆ ಸುಲಭವಾಗಿ ಹೊಳೆಯದಂಥದ್ದಾದರೆ, ಅದಕ್ಕೆ ಸಿಗಬಹುದು. ಟೈರಿನ ಅಂಚಿಗೆ ಸಿಕ್ಕಿದಂತೆ.

ಈಗ ಬಹು ಮುಖ್ಯವಾದ ಮಾತು. ಅವನು ಮೊದಲು ಏನು ಮಾಡುತ್ತಾನೆ? ಕೃಷಿ ಮೇಳಕ್ಕೆ ಒಯ್ದು ಮಳಿಗೆಯಲ್ಲಿಡುತ್ತಾನೆ. ಪತ್ರಿಕೆಯವರು ಚಿತ್ರ ತೆಗೆಯುತ್ತಾರೆ. ಹತ್ತು ಜನ ಮೊಬೈಲಿನಲ್ಲಿ ಹಿಡಿದು ಊರೆಲ್ಲ ಹಂಚುತ್ತಾರೆ. ಆ ದಿನವೇ ಅವನ ಗುಟ್ಟು ಹೊಸತನ ಕಳೆದುಕೊಳ್ಳುತ್ತದೆ. ಆರು ತಿಂಗಳ ಮೇಲೆ ಅರ್ಜಿ ಹಾಕಿದರೆ, ಇದು ಮೊದಲೇ ಬಹಿರಂಗವಾಗಿದೆ ಎಂದು ಅವನದೇ ಚಿತ್ರವನ್ನು ಅವನ ಮುಂದಿಡಬಹುದು. ಕೇಂದ್ರ ಸರ್ಕಾರವು ರಾಜಪತ್ರದಲ್ಲಿ ಪ್ರಕಟಿಸಿದ ಪ್ರದರ್ಶನಗಳಿಗೆ ಮಾತ್ರ 12 ತಿಂಗಳ ವಿನಾಯಿತಿಯುಂಟು. ಪ್ರತಿಯೊಂದು ಮೇಳವೂ ಆ ಪಟ್ಟಿಯಲ್ಲಿದೆಯೆಂದು ತಿಳಿಯಬಾರದು. ಆದುದರಿಂದ ಮೊದಲು ಅರ್ಜಿ, ಆಮೇಲೆ ಮೇಳ.

ಅರ್ಜಿಗೆ ಎಲ್ಲವೂ ಸಿದ್ಧವಾಗಿರಬೇಕೆಂದೇನೂ ಇಲ್ಲ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿ ತಾರೀಖನ್ನು ಹಿಡಿದಿಟ್ಟುಕೊಳ್ಳಬಹುದು. ಪೂರ್ಣ ವಿವರಣೆಗೆ ಅಲ್ಲಿಂದ 12 ತಿಂಗಳ ಕಾಲಾವಕಾಶವಿದೆ. ಒಂದು ಮುಂಗಾರು, ಒಂದು ಹಿಂಗಾರು ಹೊಲದಲ್ಲಿ ಪರೀಕ್ಷಿಸಿ ತಿದ್ದಿಕೊಳ್ಳಲು ಅದು ಸಾಕು. ಕಂಪನಿಯಲ್ಲದ ವ್ಯಕ್ತಿ ಗಣಕಯಂತ್ರದ ಮೂಲಕ ಸಲ್ಲಿಸುವ ಅರ್ಜಿಗೆ ಶುಲ್ಕ 1,600 ರೂಪಾಯಿ. ಪರೀಕ್ಷೆಗಾಗಿ ಬೇರೆ ಕೋರಿಕೆ ಸಲ್ಲಿಸಬೇಕು, ಅದಕ್ಕೆ 4,000 ರೂಪಾಯಿ. 2024ರ ತಿದ್ದುಪಡಿಯಂತೆ ಈ ಕೋರಿಕೆಯನ್ನು 31 ತಿಂಗಳೊಳಗೆ ಸಲ್ಲಿಸದಿದ್ದರೆ ಅರ್ಜಿ ಸತ್ತಂತೆಯೇ. ಹಕ್ಕು ದೊರೆತ ಮೇಲೆ ಮೂರನೆಯ ವರ್ಷದಿಂದ ಪ್ರತಿವರ್ಷ ನವೀಕರಣ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಹಕ್ಕು ಹೋಗುತ್ತದೆ.

ಬರವಣಿಗೆಯಲ್ಲಿ ಬಲವಿರಬೇಕಾದದ್ದು ಹಕ್ಕು ಕೋರಿಕೆಯ ಭಾಗ. ಜಮೀನಿನ ಪತ್ರದಲ್ಲಿ ಚೆಕ್ಕುಬಂದಿ ಇದ್ದಂತೆ ಅದು. "ಕಾಲಿನಿಂದ ಒದ್ದು ಸರಿಸುವ ಕಬ್ಬಿಣದ ಕೀಲು" ಎಂದಷ್ಟೇ ಬರೆದರೆ, ನೆರೆಯವನು ಅದನ್ನೇ ಕೈಯಿಂದ ಎಳೆಯುವಂತೆ ಮಾಡಿ ಬೇಲಿಯಾಚೆ ನಿಂತುಕೊಳ್ಳುತ್ತಾನೆ. ತೀರ ಅಗಲವಾಗಿ ಬರೆದರೆ ಹಳೆಯದೆಲ್ಲ ಅದರೊಳಗೆ ಬಂದು ಅರ್ಜಿಯೇ ಬೀಳುತ್ತದೆ. ಈ ಭಾಗಕ್ಕೆ ಅನುಭವಸ್ಥರ ನೆರವು ಪಡೆಯುವುದು ಲೇಸು.

ಕೆಲವು ವಿಷಯಗಳು ಪೇಟೆಂಟಿನ ಹೊರಗಿವೆ. ಬೇಸಾಯದ ವಿಧಾನಕ್ಕೆ ನಮ್ಮ ಕಾಯಿದೆಯಲ್ಲಿ ಪೇಟೆಂಟ್ ಇಲ್ಲ. ರಾಗಿ ಗುಣಿ ಪದ್ಧತಿಯನ್ನು ಯಾರು ಬೇಕಾದರೂ ಅನುಸರಿಸಬಹುದು. ಗಿಡ, ಬೀಜ, ತಳಿಗಳಿಗೂ ಇಲ್ಲ. ರೈತರೇ ಕಾಪಾಡಿಕೊಂಡು ಬಂದ ತಳಿಯಿದ್ದರೆ ಅದಕ್ಕೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ಬೇರೆ ನೋಂದಣಿಯಿದೆ. ದೇವನಹಳ್ಳಿ ಚಕ್ಕೋತಕ್ಕೆ ದೊರೆತಿರುವುದು ಭೌಗೋಳಿಕ ಸೂಚಿಕೆ. ಅದು ಒಬ್ಬನ ಹಕ್ಕಲ್ಲ, ಆ ಸೀಮೆಯ ಬೆಳೆಗಾರರದು. ಉಪಕರಣದ ಹೊರ ಆಕಾರ ಮಾತ್ರ ಹೊಸದಾಗಿದ್ದರೆ ವಿನ್ಯಾಸ ನೋಂದಣಿ ಸಾಕು.

ಪೇಟೆಂಟ್ ಪಡೆದರೆ ಕಳ್ಳ ನಕಲು ತಾನಾಗಿಯೇ ನಿಲ್ಲುತ್ತದೆಯೇ? ಇಲ್ಲ. ನಕಲು ಮಾಡಿದವನ ಮೇಲೆ ಹಕ್ಕುದಾರನೇ ದಾವೆ ಹೂಡಬೇಕು, ಅದಕ್ಕೆ ಹಣವೂ ತಾಳ್ಮೆಯೂ ಬೇಕು. ಎರಡು ಮೂರು ಹೋಬಳಿಯಲ್ಲಿ ವರ್ಷಕ್ಕೆ ಇಪ್ಪತ್ತು ಮಾರಾಟವಾಗುವ ಸಲಕರಣೆಗೆ ಈ ಖರ್ಚು ಗಿಟ್ಟಲಾರದು ಎಂಬುದು ನನ್ನ ಅಭಿಪ್ರಾಯ. ಅದನ್ನು ಚೆನ್ನಾಗಿ ಮಾಡಿ, ಹೆಸರು ಕೊರೆದು ಮಾರುವುದೇ ಮೇಲು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಆಗಬಲ್ಲ ವಸ್ತುವಾದರೆ ಮಾತ್ರ ಅರ್ಜಿಯ ದಾರಿ ಹಿಡಿಯಿರಿ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬಿತ್ತನೆ ಕೂರಿಗೆ ಮುಂತಾದವನ್ನು ರೂಪಿಸಿ 2022ರಲ್ಲಿ ಪದ್ಮಶ್ರೀ ಪಡೆದರು. ಹಳ್ಳಿಯ ಕುಲುಮೆಯಿಂದ ಅಷ್ಟು ದೂರ ಹೋಗುವ ವಸ್ತು ಬರಲಾರದೆಂದು ಯಾರೂ ಹೇಳಲಾರರು.

ನೆರವು ಎಲ್ಲಿ ಸಿಗುತ್ತದೆ?

ಕರ್ನಾಟಕದ ಅರ್ಜಿಗಳು ಚೆನ್ನೈನ ಗಿಂಡಿಯಲ್ಲಿರುವ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಹಳ್ಳಿಯ ಆವಿಷ್ಕಾರಕರ ಪರವಾಗಿ ಅರ್ಜಿ ಸಲ್ಲಿಸಲು ಗುಜರಾತಿನ ಗಾಂಧಿನಗರದಲ್ಲಿರುವ ರಾಷ್ಟ್ರೀಯ ಆವಿಷ್ಕಾರ ಪ್ರತಿಷ್ಠಾನವೂ ನೆರವಾಗುತ್ತದೆ.

ಹೋಗುವ ಮುನ್ನ ಉಪಕರಣದ ಚಿತ್ರವನ್ನು ಮೂರು ದಿಕ್ಕಿನಿಂದ ಬರೆದು, ಪ್ರತಿ ಭಾಗಕ್ಕೂ ಅಂಕಿ ಹಾಕಿ, ಯಾವ ಭಾಗ ಹೊಸದು, ಅದು ಹಳೆಯದರ ಯಾವ ಕುಂದನ್ನು ನೀಗುತ್ತದೆ ಎಂಬುದನ್ನು ಕನ್ನಡದಲ್ಲೇ ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಕಚೇರಿಗೆ ಸಲ್ಲಿಸುವ ವಿವರಣೆ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿರಬೇಕಾಗುತ್ತದೆ, ಅದನ್ನು ಅಲ್ಲಿ ಬರೆಸಬಹುದು. ಆ ಕನ್ನಡದ ಪುಟದ ಕೊನೆಗೆ ತಾರೀಖು ಹಾಕುವುದನ್ನು ಮರೆಯಬೇಡಿ. ಅದರ ನಕಲನ್ನು ಅರ್ಜಿ ಸಲ್ಲಿಕೆಯಾಗುವವರೆಗೆ ಯಾರಿಗೂ ಕೊಡಬೇಡಿ.